ಮಕ್ಕಳ ಕಣ್ಣೆತ್ತರಕ್ಕೆ ಬಾಗಿದ ಕ್ಯಾಮೆರಾ

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಅವರಿಗೆ ಫೋಟೊದ ಹುಚ್ಚು ಹತ್ತಿದ್ದು ಶಾಲೆಯ ದಿನಗಳಲ್ಲೇ. ಆ ಹವ್ಯಾಸವೇ ಮುಂದೆ ಅನ್ನ ಕೊಟ್ಟಿತು: ಮೊದಲು ಡೆಕ್ಕನ್ ಹೆರಾಲ್ಡ್ ಪತ್ರಿಕೆ, ಆಮೇಲೆ ಇಲ್ಲಸ್ಟ್ರೇಟೆಡ್ ವೀಕ್ಲಿ ವಾರಪತ್ರಿಕೆ, ಕೊನೆಗೆ ಸ್ವತಂತ್ರ ದುಡಿಮೆ. 1977ರಲ್ಲಿ ಪದ್ಮಶ್ರೀಯೂ ಬಂತು.

ನನಗೆ ಮಾತ್ರ ಅವರ ಕಪ್ಪುಬಿಳುಪು ಚಿತ್ರಗಳ ಮಕ್ಕಳೇ ದೊಡ್ಡವರು. ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ದ್ರಾವಣಕ್ಕಿಳಿದ ಬಿಳಿ ಕಾಗದದ ಮೇಲೆ ಮೊದಲು ಕಪ್ಪು ಕೂದಲು ಮೂಡುತ್ತದೆ, ಆಮೇಲೆ ಕಣ್ಣು, ಕೊನೆಗೆ ಕೆನ್ನೆಯ ತೆಳುನೆರಳು. ಆ ತೆಳುನೆರಳಿನಲ್ಲೇ ಅವರ ಮಮತೆ ಇದೆ. ಅವರು ಬಡತನವನ್ನು ತೋರಿಸಿದರು, ಬಡವರನ್ನು ಸಣ್ಣವರನ್ನಾಗಿ ಮಾಡಲಿಲ್ಲ.

ಕೃಷ್ಣರಾಜನಗರ, ಹುಣಸೂರಿನ ಸ್ಟುಡಿಯೊಗಳಲ್ಲಿ ಮದುವೆ ಆಲ್ಬಂ ಮಾಡುವ ಹುಡುಗರೇ, ಬಿಡುವಾದಾಗ ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಿ; ನಿಮ್ಮೂರಿನ ಸಂತೆಗೂ ಒಮ್ಮೆ ಕ್ಯಾಮೆರಾ ಒಯ್ಯಿರಿ.