ಬ್ಯಾಂಡೇಜಿನ ಬಣ್ಣ: ಹದಿಹರೆಯದ ಪ್ರೇಮಕಾದಂಬರಿ ಓದುವ ಬಗೆ

ಮ್ಯಾಲೊರಿ ಬ್ಲ್ಯಾಕ್‌ಮನ್ ಅವರ ‘ನಾಟ್ಸ್ ಅಂಡ್ ಕ್ರಾಸಸ್’ (2001) ಕಾದಂಬರಿಯ ಶಾಲೆಯಲ್ಲಿ ಒಬ್ಬ ಬಿಳಿಯ ಹುಡುಗಿ ಹಣೆಗೆ ಗಾಯವಾಗಿ ಬ್ಯಾಂಡೇಜ್ ಅಂಟಿಸಿಕೊಂಡು ಬರುತ್ತಾಳೆ. ಪಟ್ಟಿ ಕಡುಕಂದು, ಅವಳ ಬಿಳಿ ಹಣೆಯ ಮೇಲೆ ಎದ್ದು ಕಾಣುತ್ತದೆ. ಆ ಲೋಕದಲ್ಲಿ ಆಳುವವರು ಕಪ್ಪುಜನ, ‘ಕ್ರಾಸ್’ಗಳು. ಪಟ್ಟಿ ತಯಾರಾಗುವುದು ಅವರ ಮೈಬಣ್ಣಕ್ಕೆ ಹೊಂದುವಂತೆ. ಕ್ರಾಸ್ ಮನೆತನದ ಸೆಫಿಗೆ ಆ ದಿನದವರೆಗೂ ಇದು ಹೊಳೆದೇ ಇರಲಿಲ್ಲ. ಅವಳು ಹಚ್ಚಿಕೊಂಡಿರುವ ಕ್ಯಾಲಮ್ ‘ನಾಟ್’, ಅಂದರೆ ಬಿಳಿಯ.

ಪ್ರೇಮದ ಜೊತೆಗೆ ಸಾಮಾಜಿಕ ಸಮಸ್ಯೆಯೊಂದನ್ನು ಹೆಣೆಯುವ ಇಂಥ ಕಾದಂಬರಿಗಳ ಓದಿಗೆ ಹೊಸಬರಾದವರು ಮೊದಲು ಇಂಥ ಪುಟ್ಟ ವಸ್ತುಗಳ ಮೇಲೆ ಕಣ್ಣಿಡಿ. ಹೋಟೆಲಿನ ಹೊರಗೆ ದಲಿತರಿಗೆಂದು ಬೇರೆ ಇಟ್ಟ ಲೋಟದ ಕಥೆ ಗೊತ್ತಿರುವ ನಮಗೆ ವಸ್ತುಗಳ ಈ ಭಾಷೆ ಹೊಸದಲ್ಲ. ರೇನ್‌ಬೋ ರೊವೆಲ್ ಅವರ ‘ಎಲಿನರ್ ಅಂಡ್ ಪಾರ್ಕ್’ ನಡೆಯುವುದು 1986ರ ಒಮಾಹಾದಲ್ಲಿ. ಸ್ಕೂಲ್ ಬಸ್ಸಿನ ಒಂದೇ ಸೀಟಿನಲ್ಲಿ ಕೂರುವ ಇಬ್ಬರ ನಡುವೆ ಕಾಮಿಕ್ಸ್ ಪುಸ್ತಕ, ಹಾಡಿನ ಕ್ಯಾಸೆಟ್ ಕೈಬದಲಾಗುತ್ತವೆ. ಆದರೆ ಎಲಿನರ್ ಬಳಿ ಕ್ಯಾಸೆಟ್ ಕೇಳುವ ಸಾಧನವಿಲ್ಲ. ವಾಕ್‌ಮನ್ ಸಿಕ್ಕರೂ ಬ್ಯಾಟರಿ ಮುಗಿದೀತೆಂಬ ಚಿಂತೆ. ಬಡತನ ಎಂಬ ಪದ ಬಳಸದೆಯೇ ಲೇಖಕಿ ಎಲ್ಲ ಹೇಳಿರುತ್ತಾರೆ.

ಎರಡನೆಯದಾಗಿ, ಪ್ರೀತಿಸುವವರೇ ನೋಯಿಸುವ ಜಾಗಗಳಲ್ಲಿ ನಿಧಾನಿಸಿ. ‘ನಾಟ್ಸ್ ಅಂಡ್ ಕ್ರಾಸಸ್’ನಲ್ಲಿ ಕ್ಯಾಲಮ್ ಕ್ರಾಸ್‌ಗಳ ಶಾಲೆಗೆ ಸೇರುವ ದಿನ ಗೇಟಿನ ಮುಂದೆ ಜನ ಅಡ್ಡಗಟ್ಟುತ್ತಾರೆ. ಅವನ ಪರವಾಗಿ ಸೆಫಿ ಜನರತ್ತ ಕೂಗುತ್ತಾಳೆ, ಆದರೆ ಅವಳ ಬಾಯಿಂದ ಬರುವ ಬೈಗುಳ ನಾಟ್‌ಗಳನ್ನು ಹೀಯಾಳಿಸುವ ಪದ. ಮನಸ್ಸು ಅವನ ಕಡೆಗಿದೆ, ನಾಲಿಗೆ ಮಾತ್ರ ಹುಟ್ಟಿದ ಮನೆಯದು. ಅಧ್ಯಾಯಗಳನ್ನು ಇಬ್ಬರೂ ಸರದಿಯಂತೆ ಹೇಳುವುದರಿಂದ ಆ ಮಾತು ಆಡಿದವಳ ಒಳಗೂ ಕೇಳಿದವನ ಒಳಗೂ ನಾವಿರುತ್ತೇವೆ.

ಆಮೇಲೆ ಒಂದು ಪರೀಕ್ಷೆ ಮಾಡಿ: ಸಮಸ್ಯೆಯನ್ನು ಕಿತ್ತರೂ ಪ್ರೇಮಕಥೆ ಹಾಗೆಯೇ ಉಳಿಯುತ್ತದೆಯೇ? ಉಳಿದರೆ ಸಮಸ್ಯೆ ಬರೀ ಒಗ್ಗರಣೆ. ನಿಕೋಲಾ ಯೂನ್ ಅವರ ‘ದಿ ಸನ್ ಈಸ್ ಆಲ್ಸೊ ಎ ಸ್ಟಾರ್’ (2016) ನೋಡಿ. ದಾಖಲೆಯಿಲ್ಲದೆ ನ್ಯೂಯಾರ್ಕಿನಲ್ಲಿ ನೆಲೆಸಿರುವ ನತಾಷಾಳ ಕುಟುಂಬವನ್ನು ಕಥೆ ನಡೆಯುವ ದಿನದ ರಾತ್ರಿಯೇ ಜಮೈಕಾಕ್ಕೆ ಗಡೀಪಾರು ಮಾಡಲಿದ್ದಾರೆ. ಕೊರಿಯನ್ ವಲಸಿಗರ ಮಗ ಡೇನಿಯಲ್ ಅವಳಿಗೆ ಸಿಗುವುದು ಆ ಹಗಲಲ್ಲಿ. ಗಡೀಪಾರು ಇಲ್ಲವೆಂದುಕೊಳ್ಳಿ, ಪ್ರತಿ ಮಾತಿಗೂ ಇರುವ ಆ ಅವಸರ, ಆ ತೂಕ ಎರಡೂ ಹೋಗುತ್ತವೆ.

ಪ್ರೀತಿ ಎಲ್ಲವನ್ನೂ ಗೆಲ್ಲಲಿ ಎಂದು ಹಟ ಹಿಡಿಯಬೇಡಿ. ಎಲಿನರ್ ಮಲತಂದೆಗೆ ಹೆದರಿ ಬದುಕುವ ಮನೆಯನ್ನು ಪಾರ್ಕ್‌ನ ಪ್ರೀತಿ ಸರಿಪಡಿಸುವುದಿಲ್ಲ. ಹದಿನಾರರ ಹುಡುಗನ ಹೆಗಲಿಗೆ ಆ ಹೊರೆ ಹಾಕದಿರುವುದೇ ಆ ಕಾದಂಬರಿಯ ಪ್ರಾಮಾಣಿಕತೆ.

ಓದಿ ಮುಗಿಸಿದ ಮೇಲೆ ಮೊದಲ ಪುಟಗಳಿಗೆ ಮರಳಿ. ‘ನಾಟ್ಸ್ ಅಂಡ್ ಕ್ರಾಸಸ್’ನ ಆರಂಭದಲ್ಲಿ ಸೆಫಿ, ಕ್ಯಾಲಮ್ ಇಬ್ಬರೇ ಕಡಲ ದಂಡೆಯಲ್ಲಿ ಕೂತಿರುತ್ತಾರೆ, ಅವರ ಮೊದಲ ಮುತ್ತು ಅಲ್ಲೇ. ಮೊದಲ ಓದಿನಲ್ಲಿ ಅಲ್ಲಿ ಕಾಣುವುದು ಬಿಸಿಲು, ಮರಳು, ಎರಡು ಎಳೆಯ ಜೀವಗಳು. ಎರಡನೆಯ ಓದಿನಲ್ಲಿ, ಆ ದಂಡೆ ಸೆಫಿಯ ಮನೆಯವರ ಸ್ವತ್ತೆಂಬುದು ಕಣ್ಣಿಗೆ ಬೀಳುತ್ತದೆ.