ಇಲಿಯಲ್ಲಿ ಗೆದ್ದು ರೋಗಿಯಲ್ಲಿ ಸೋತ ಮದ್ದು

1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲ್ಯಾನ್ಸ್ ಲಿಯೊಟ್ಟಾ ಮತ್ತು ಸಂಗಡಿಗರ ಪುಟ್ಟ ಪ್ರಬಂಧವೊಂದು ಬಂತು. ಎರಡೇ ಪುಟ. ರಕ್ತನಾಳಗಳ ಸುತ್ತ, ಅಂಗಾಂಶದ ಹೊದಿಕೆಯ ಅಡಿಯಲ್ಲಿ ಆಧಾರಪೊರೆ ಎಂಬ ತೆಳುವಾದ ಪದರವಿರುತ್ತದೆ. ಅದರ ಮುಖ್ಯ ವಸ್ತು ನಾಲ್ಕನೆಯ ಬಗೆಯ ಕೊಲಾಜನ್. ಇಲಿಗಳ ಕ್ಯಾನ್ಸರ್ ಗೆಡ್ಡೆಗಳಲ್ಲಿ ಯಾವುದು ಹೆಚ್ಚು ಹರಡುತ್ತದೋ ಅದು ಈ ಕೊಲಾಜನ್ನನ್ನು ಹೆಚ್ಚು ಕರಗಿಸುತ್ತದೆ ಎಂದು ಅವರು ತೋರಿಸಿದರು. ಹರಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಇರುವ ಗೆಡ್ಡೆಗಳನ್ನು ಅಕ್ಕಪಕ್ಕ ಇಟ್ಟು ಅಳೆದದ್ದೇ ಆ ಕೆಲಸದ ಸೊಗಸು. ಎರಡು ಸಂಗತಿ ಜೊತೆಯಾಗಿ ಏರುತ್ತವೆ ಎಂದಷ್ಟೇ ಅದು ಹೇಳಿತು. ಅಷ್ಟರ ಮಟ್ಟಿಗೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಅವಸರಪಟ್ಟವರು ಆಮೇಲೆ ಬಂದವರು. ಕೊಲಾಜನ್ ಕರಗಿಸುವ ಕಿಣ್ವವನ್ನು ತಡೆದರೆ ಹರಡುವಿಕೆ ನಿಲ್ಲುತ್ತದೆ ಎಂದುಕೊಂಡು ಬ್ಯಾಟಿಮಾಸ್ಟಾಟ್, ಮಾರಿಮಾಸ್ಟಾಟ್, ಟಾನೊಮಾಸ್ಟಾಟ್ ಎಂಬ ಮದ್ದುಗಳು ಸಾಲಾಗಿ ಬಂದವು. ಇಲಿಗಳಲ್ಲಿ ಫಲಿತಾಂಶ ಸೊಗಸಾಗಿತ್ತು. 1990ರ ದಶಕದ ಕೊನೆಯಲ್ಲಿ ರೋಗಿಗಳ ಮೇಲಿನ ಪ್ರಯೋಗಗಳು ಒಂದರ ಹಿಂದೊಂದು ಸೋತವು. ಮಾರಿಮಾಸ್ಟಾಟ್ ತೆಗೆದುಕೊಂಡವರಲ್ಲಿ ಕೀಲುನೋವು ಕಾಣಿಸಿತು. ಟಾನೊಮಾಸ್ಟಾಟ್ ಪಡೆದ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳ ಸ್ಥಿತಿ ಹುಸಿಗುಳಿಗೆ ನುಂಗಿದವರಿಗಿಂತ ಕೆಟ್ಟಿತು. 1999ರಲ್ಲಿ ಬೇಯರ್ ಕಂಪನಿ ಆ ಮದ್ದಿನ ಪ್ರಯೋಗ ನಿಲ್ಲಿಸಿತು.

ದೋಷ ಇದ್ದದ್ದು ಇಲಿಯ ಮಾದರಿಯನ್ನು ಬಳಸಿದ ರೀತಿಯಲ್ಲಿ. ಎಷ್ಟೋ ಪ್ರಯೋಗಗಳಲ್ಲಿ ಗೆಡ್ಡೆ ಇನ್ನೂ ಚಿಕ್ಕದಿರುವಾಗಲೇ ಮದ್ದು ಶುರುವಾಗುತ್ತಿತ್ತು. ರೋಗಿಗಳಿಗಾದರೋ ಕ್ಯಾನ್ಸರ್ ಆಗಲೇ ಬೇರೆ ಅಂಗಗಳಲ್ಲಿ ಬೀಡುಬಿಟ್ಟಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಇನ್ನೊಂದು ರೂಢಿಯಂತೂ ವಿಚಿತ್ರ: ಕ್ಯಾನ್ಸರ್ ಕೋಶಗಳನ್ನು ಇಲಿಯ ಬಾಲದ ರಕ್ತನಾಳಕ್ಕೆ ನೇರ ಚುಚ್ಚಿ, ಶ್ವಾಸಕೋಶದಲ್ಲಿ ಎಷ್ಟು ಗಂಟು ಎದ್ದವೆಂದು ಎಣಿಸುವುದು. ಕೋಶ ಮೂಲ ಗೆಡ್ಡೆಯಿಂದ ಪೊರೆ ಹರಿದು ಹೊರಬೀಳುವ ಹಂತವೇ ಅಲ್ಲಿಲ್ಲ!

ಶತ್ರುವನ್ನು ಗುರುತಿಸುವುದರಲ್ಲೂ ಎಡವಟ್ಟಾಯಿತು. ಕೊಲಾಜನ್ ಕರಗಿಸುವ ಆ ಕಿಣ್ವದ ಕುಟುಂಬಕ್ಕೆ ಸೇರಿದ ಕಿಣ್ವಗಳು ಮನುಷ್ಯರಲ್ಲಿ 20ಕ್ಕೂ ಹೆಚ್ಚು. ಎಷ್ಟೋ ಸಲ ಇವನ್ನು ಸುರಿಸುವುದು ಗೆಡ್ಡೆಯ ಸುತ್ತಲಿನ ಸಾಮಾನ್ಯ ಕೋಶಗಳು. ಈ ಕುಟುಂಬದಲ್ಲಿ ಎಂಟನೆಯದೆಂದು ಎಣಿಸುವ ಕಿಣ್ವವಿಲ್ಲದ ಗಂಡು ಇಲಿಗಳಲ್ಲಿ ಚರ್ಮದ ಗೆಡ್ಡೆಗಳು ಹೆಚ್ಚಾದವೆಂದು 2003ರಲ್ಲಿ ಗೊತ್ತಾಯಿತು. ಅಂದರೆ ಕಾಯುವ ಕಿಣ್ವವೂ ಇದೆ. ಆ ಮದ್ದುಗಳಿಗೆ ಈ ವಿವೇಚನೆ ಇರಲಿಲ್ಲ, ಸಿಕ್ಕಿದ್ದನ್ನೆಲ್ಲ ತಡೆದವು.

ಈ ಕಿಣ್ವಗಳನ್ನು ತಡೆಯಲೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಮದ್ದು ಕಡಿಮೆ ಪ್ರಮಾಣದ ಡಾಕ್ಸಿಸೈಕ್ಲಿನ್. ವರ್ಷ 1998, ರೋಗ ವಸಡಿನದು.