ಮೋರಿಗೆ ಹರಿಯುವ ಗಂಧ

ಮೈಸೂರು ಗಂಧದೆಣ್ಣೆಯನ್ನು ತೆಗಳುವ ಕನ್ನಡಿಗ ಸಿಗುವುದು ಕಷ್ಟ. ನಾನೂ ತೆಗಳುವವನಲ್ಲ. ತಕರಾರಿರುವುದು ಅದನ್ನು ನಾವು ಬಳಸುತ್ತ ಬಂದ ಬಗೆಯ ಮೇಲೆ. ನೂರು ವರ್ಷ ದಾಟಿದರೂ ಗಂಧದೆಣ್ಣೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸೋಪು. ಆ ಎಣ್ಣೆಯ ಸ್ವಭಾವ ಬಲ್ಲವರು ಅದನ್ನು ಹಾಕಬಾರದ ವಸ್ತು ಯಾವುದಾದರೂ ಇದ್ದರೆ ಅದೂ ಸೋಪೇ.

ಒಂದು ಹನಿ ಗಂಧದೆಣ್ಣೆಯನ್ನು ಕಾಗದದ ಪಟ್ಟಿಗೆ ತಾಗಿಸಿ ಮೂಸಿ ನೋಡಿ, ಮೊದಲಿಗೆ ನಿರಾಸೆಯೇ. ನಿಂಬೆಹುಲ್ಲಿನ ಎಣ್ಣೆಯ ಹಾಗೆ ಅದು ಮೂಗಿಗೆ ಹಾರಿ ಬರುವುದಿಲ್ಲ. ಕಾಯಬೇಕು. ಮೆಲ್ಲಗೆ ಒಂದು ಹಸಿ ಮರದ ವಾಸನೆ, ಅದರ ಹಿಂದೆಯೇ ಹಾಲಿನ ಕೆನೆಯಂಥ ನುಣುಪು. ಆಮೇಲೆ ಬಿಟ್ಟುಹೋಗು ಎಂದರೂ ಹೋಗುವುದಿಲ್ಲ, ಮರುದಿನವೂ ಪಟ್ಟಿಯಲ್ಲೇ ಕೂತಿರುತ್ತದೆ. ಒಳ್ಳೆಯ ಎಣ್ಣೆಯಲ್ಲಿ ಸುಮಾರು ಶೇ. 90 ಭಾಗ ಸ್ಯಾಂಟಲಾಲ್‌ಗಳು. ಭಾರದ ಅಣುಗಳಾದ್ದರಿಂದ ಆವಿಯಾಗಲು ಸೋಮಾರಿಗಳು. ಭಟ್ಟಿಯಲ್ಲಿ ದಿನಗಟ್ಟಲೆ ಹಬೆ ಹಾಯಿಸಿದರೇ ಅವು ಮರ ಬಿಟ್ಟು ಬರುವುದು. ಈ ಸೋಮಾರಿತನವೇ ಎಣ್ಣೆಯ ದೊಡ್ಡ ಗುಣ. ಕನೌಜಿನ ಅತ್ತರುಗಾರರು ಇದನ್ನು ಚೆನ್ನಾಗಿ ಅರಿತಿದ್ದರು: ಗುಲಾಬಿಯ, ಕೇದಗೆಯ ಹಬೆಯನ್ನು ಗಂಧದೆಣ್ಣೆಯೊಳಕ್ಕೇ ಇಳಿಸಿ, ಬೇಗ ಹಾರಿಹೋಗುವ ಪರಿಮಳಗಳನ್ನು ಅದಕ್ಕೆ ಕಟ್ಟಿಹಾಕುತ್ತಿದ್ದರು. ಬೆಲೆ ಏರಿದ ಮೇಲೆ ಅಲ್ಲಿಯೂ ಬಹುಪಾಲು ಗಂಧದೆಣ್ಣೆಯ ಜಾಗಕ್ಕೆ ಪ್ಯಾರಾಫಿನ್ ಬಂದಿದೆ.

ಹೀಗೆ ನಿಂತು ಪರಿಮಳಿಸುವ ಎಣ್ಣೆಯನ್ನು ನಾವು ನೊರೆಯಲ್ಲಿ ಬೆರೆಸಿ, ಅರ್ಧ ನಿಮಿಷ ಮೈಗೆ ಉಜ್ಜಿ, ಒಂದು ಚೊಂಬು ನೀರಲ್ಲಿ ಮೋರಿಗೆ ಬಿಡುತ್ತೇವೆ!

ಸೋಪು ಮಾಡಿದವರನ್ನು ದೂರುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಸಾಗಿಸುವ ದಾರಿ ಮುಚ್ಚಿಹೋಗಿ, ಮೈಸೂರು ಸಂಸ್ಥಾನದಲ್ಲಿ ಕೊರಡುಗಳು ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಎಣ್ಣೆ ತೆಗೆಯುವ ಕೆಲಸ ಇಲ್ಲೇ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಅದಕ್ಕೆ ಕೈಜೋಡಿಸಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸೋಪಿನ ವಿದ್ಯೆ ಕಲಿತು ಬಂದರು. ಮರ ಹೇರಳವಾಗಿದ್ದ ಕಾಲಕ್ಕೆ ಎಣ್ಣೆಯನ್ನು ಸೋಪಿಗೆ ಹಾಕಿದ್ದು ಜಾಣ ಲೆಕ್ಕಾಚಾರ. ಅವರು ಮಾಡಿದ ಸೋಪು, ಸೋಪಾಗಿ, ಇವತ್ತಿಗೂ ಚೆನ್ನಾಗಿದೆ: ಗ್ರೇಡ್ 1 ದರ್ಜೆ, ಶರಭದ ಮುದ್ರೆ, ಅಂಗೈಯಲ್ಲಿ ಕೂರುವ ಅಂಡಾಕಾರ. ಅದರ ಪರಿಮಳ ಬರಿಯ ಗಂಧದ್ದಲ್ಲ. ಲಾವಂಚ, ಪಚೋಲಿ, ಜೆರೇನಿಯಂಗಳೂ ಸೇರಿವೆ. ಜಾಹೀರಾತಿನ ‘ಶೇ. 100 ಶುದ್ಧ’ ಎಂಬ ಮಾತು ಬೆರೆಸಿದ ಗಂಧದೆಣ್ಣೆಗೆ ಅನ್ವಯಿಸುತ್ತದೆಯೇ ಹೊರತು ಇಡೀ ಸೋಪಿಗಲ್ಲ. ಎಷ್ಟೋ ಮನೆಗಳಲ್ಲಿ ಈ ವ್ಯತ್ಯಾಸ ಯಾರ ತಲೆಗೂ ಹೋದಂತಿಲ್ಲ.

ಬದಲಾಗಿರುವುದು ಮರದ ಸ್ಥಿತಿ. ಗಂಧ ಇನ್ನೊಂದು ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಬದುಕುವ ಅರೆಪರಾವಲಂಬಿ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಎಣ್ಣೆ ಇರುವುದು ಚೇಗಿನಲ್ಲಿ, ಚೇಗು ಬಲಿಯಲು ಹತ್ತಿಪ್ಪತ್ತು ವರ್ಷ ಬೇಕು. ಬೇರಿನಲ್ಲಿ ಎಣ್ಣೆ ಇನ್ನೂ ಹೆಚ್ಚು, ಆದ್ದರಿಂದ ಮರವನ್ನು ಬುಡಸಮೇತ ಕೀಳುತ್ತಾರೆ. ಕಡಿದ ಬುಡ ಚಿಗುರಲಿ ಎಂದು ಬಿಡುವ ಮಾತಿಲ್ಲ. ಕಳ್ಳಸಾಗಣೆ, ಸ್ಪೈಕ್ ರೋಗ ಎರಡೂ ಸೇರಿ ಕಾಡನ್ನು ಬರಿದು ಮಾಡಿದವು. ಸ್ವಂತ ಜಮೀನಿನ ಗಂಧದ ಮರ ರೈತನದೇ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ. ಅಷ್ಟರಲ್ಲಿ ಆಸ್ಟ್ರೇಲಿಯಾದ ಕುನುನುರಾದಲ್ಲಿ ನಮ್ಮದೇ ಜಾತಿಯ ಗಂಧದ ತೋಪುಗಳು ಎದ್ದಿದ್ದವು.

ಇನ್ನು ತ್ವಚೆಯ ಮಾತು. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಹಣೆಗೆ ತಂಪು, ನಿಜ. ಆ ತಂಪಿನಲ್ಲಿ ದೊಡ್ಡ ಪಾಲು ಆರುವ ನೀರಿನದು. ಭಟ್ಟಿಯ ಎಣ್ಣೆ ಬೇರೆಯೇ ಪದಾರ್ಥ. ಪ್ರಯೋಗಶಾಲೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಚರ್ಮಕ್ಕೆ ಬಣ್ಣ ಕೊಡುವ ಕಿಣ್ವವನ್ನು ತಡೆದದ್ದುಂಟು. ಆದರೆ ಗಾಜಿನ ನಳಿಕೆಯಲ್ಲಿ ಕಂಡದ್ದನ್ನು ಬಚ್ಚಲಿನ ಅರ್ಧ ನಿಮಿಷಕ್ಕೆ ಹೊಂದಿಸಿ ‘ಕಾಂತಿ’ ಎಂದು ಮಾರುವುದು ವ್ಯಾಪಾರವಷ್ಟೆ. ಚರ್ಮದ ಜೀವಕೋಶಗಳಲ್ಲಿ ಗಂಧದ ವಾಸನೆ ಗ್ರಹಿಸುವ ಗ್ರಾಹಕವಿದೆ, ಅದು ಎಚ್ಚೆತ್ತರೆ ಗಾಯ ಬೇಗ ಮಾಗಬಹುದು ಎಂದು 2014ರಲ್ಲಿ ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯದಿಂದ ಸುದ್ದಿ ಬಂದಾಗ ಇಲ್ಲಿಯೂ ಸಂಭ್ರಮಪಟ್ಟವರಿದ್ದರು. ಆದರೆ ಆ ಗ್ರಾಹಕವನ್ನು ಎಚ್ಚರಿಸಿದ್ದು ಸ್ಯಾಂಡಲೋರ್ ಎಂಬ ಕೃತಕ ಅಣು. ನೇರವಾಗಿ ಗಂಧದೆಣ್ಣೆ ಸುರಿದುಕೊಂಡರೆ ಕೆಲವರಿಗೆ ತುರಿಕೆಯೂ ಏಳುತ್ತದೆ. ತ್ವಚೆಯ ಔಷಧಿ ಎಂದು ಅದನ್ನು ಹೊಗಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಪರಿಮಳವೆಂದು ಕೊಳ್ಳುವುದಾದರೆ ರಾಜ್ಯ ಸರ್ಕಾರದ ಕಾವೇರಿ ಎಂಪೋರಿಯಂನ ಪುಟ್ಟ ಸೀಸೆಯೇ ಸೋಪಿಗಿಂತ ಸರಿ. ದುಬಾರಿ ನಿಜ, ಆದರೆ ಕೊಬ್ಬರಿ ಎಣ್ಣೆಯಲ್ಲಿ ಒಂದು ಹನಿ ಬೆರೆಸಿ ಮಣಿಕಟ್ಟಿಗೆ ಹಚ್ಚಿದರೆ ಸಂಜೆಯವರೆಗೆ ಇರುತ್ತದೆ. ಬೇರೆ ಕಡೆ ಕೊಳ್ಳುವವರು ಲೇಬಲ್ಲಿನಲ್ಲಿ ಸ್ಯಾಂಟಲಮ್ ಆಲ್ಬಮ್ ಎಂದಿದೆಯೇ ನೋಡಬೇಕು. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಹೆಸರಲ್ಲಿ ಬರುವ ಅಮೈರಿಸ್ ಗಂಧದ ಕುಲದ್ದೇ ಅಲ್ಲ. ಬಚ್ಚಲಿಗೂ ನಾಡಿನದೇ ಕಂಪು ಬೇಕೆಂದರೆ ದವನವಿದೆ. ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುವ ಗಿಡ, ಅದರ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಕಂಪು ಬೀರುತ್ತದೆಂದು ಸುಗಂಧ ತಯಾರಕರು ಮೆಚ್ಚುತ್ತಾರೆ. ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಲ್ಲಿ ನಾವು ಅದನ್ನು ಹೂವಿನಂಗಡಿಯಲ್ಲಿ ಮಾಲೆಗೆ ಸೇರಿಸಿಕೊಂಡು ಸುಮ್ಮನಾಗುತ್ತೇವೆ.